ಕತ್ತು ಕೊನೆಗೆ

"ಕೋಳಿ ಕುಯ್ಯೋದ ಕಂಡ್ರೆ ಎದ್ದು ಓಡೋಯ್ತಾಳ, ಇವ್ಳು ಡಾಕ್ಟ್ರಾಯ್ತಳಾ? ಆಗೋ ಮಾತಾ ಅದು?" ಎಂದಿದ್ದವನು ನನ್ನ ಸೋದರಮಾವ. ನಮ್ಮ ಮನೆತನದಲ್ಲಿ ಪದವಿ ಇರಲಿ, ಹೈಸ್ಕೂಲಿನ ಮೆಟ್ಟಿಲನ್ನೂ ಯಾರೂ ಹತ್ತಿರಲಿಲ್ಲ. ನಾನು ಡಾಕ್ಟರೇನೋ ಆದೆ. ಆದರೆ ಕೊಳ್ಳೇಗಾಲದಲ್ಲಿ ಮೊದಮೊದಲು ನನ್ನ ಪಾಲಿಗೆ ಬಂದದ್ದು ಶವಾಗಾರ. ಅಲ್ಲಿನ ರೋಗಿಗಳು ಯಾರೂ ನನ್ನ ಮೇಲೆ ದೂರು ಕೊಡಲಿಲ್ಲ ಎಂಬ ಹೆಮ್ಮೆ ಈಗಲೂ ಇದೆ.

ಒಮ್ಮೆ ಲೊಕ್ಕನಹಳ್ಳಿ ಕಡೆಯ ಒಬ್ಬ ಅಜ್ಜನ ಶವ ಬಂತು. ಮಧ್ಯಾಹ್ನ ಒಬ್ಬನೇ ಉಣ್ಣಲು ಕೂತವನು, ಸೊಸೆ ದನ ಕಟ್ಟಿ ಒಳಗೆ ಬರುವಷ್ಟರಲ್ಲಿ ಸತ್ತುಬಿದ್ದಿದ್ದ. ತೆರೆದ ಬಾಯಿ ಮುಚ್ಚಲೆಂದು, ಎಲ್ಲರ ಮನೆಯಲ್ಲೂ ಮಾಡುವ ಹಾಗೆ, ಅವಳು ಗದ್ದದಿಂದ ನೆತ್ತಿಗೆ ಬಟ್ಟೆ ಬಿಗಿದಳು. ಬಟ್ಟೆ ಕತ್ತಿಗೆ ಜಾರಿತು. ಸುದ್ದಿ ಕೇಳಿ ಬಂದ ಅಜ್ಜನ ತಂಗಿ ಬಿಚ್ಚಿ ನೋಡಿದರೆ ಕತ್ತಿನ ಸುತ್ತ ಗೆರೆ!

"ಕತ್ತ ಇಸುಕ್ಬುಟ್ಳಲ್ಲಪ್ಪೋ ನಮ್ಮಣ್ಣನ!"

ಊರು ಸೇರಿತು, ಪೊಲೀಸರೂ ಬಂದರು. ಶವಾಗಾರದ ಹೊರಗೆ ಸೊಸೆಯನ್ನು ಮಹಿಳಾ ಪೇದೆಯ ಪಕ್ಕ ಕೂರಿಸಿದ್ದರು. ಅವಳು ಮನೆಗೋ ಜೈಲಿಗೋ ಎನ್ನುವುದು ನಾನು ಬರೆಯುವುದರ ಮೇಲಿತ್ತು.

"ಕತ್ತು ತಾನೆ ಮೇಡಂ? ಮೊದ್ಲು ಅದ್ನೇ ಕುಯ್ದು ನೋಡ್ಬುಡಿ. ಹನೂರ್ ಬಸ್ಸು ಒಂಟೋಯ್ತದ" ಎಂದ ಶವದ ಜೊತೆ ಬಂದಿದ್ದ ಪೇದೆ.

"ಕತ್ತು ಕೊನೆಗೆ ಕಣಪ್ಪಾ. ಮೊದ್ಲೇ ಕುಯ್ದ್ರೆ ಸೋರಿದ ರಕ್ತದಲ್ಲಿ ಎಲ್ಲಾ ಕೆಂಪಾಯ್ತದ. ಆಮೇಲೆ ಸುಮ್ನಿದ್ದೋರ್ನೂ ಕೊಲೆಗಾರ್ರು ಅನ್ಬೇಕಾಯ್ತದ."

ತಲೆ, ಎದೆ ಮೊದಲು ತೆರೆದು ರಕ್ತ ಬಸಿಯಲು ಬಿಟ್ಟೆ. ಆಮೇಲೆ ಕತ್ತಿನ ಸ್ನಾಯುಗಳನ್ನು ಬಾಳೆದಿಂಡು ಬಿಡಿಸುವಂತೆ ಪದರ ಪದರವಾಗಿ ಬಿಡಿಸಿದೆ. ಜೀವವಿದ್ದಾಗ ಹಿಸುಕಿದ್ದರೆ ಒಳಗೆ ಎಲ್ಲಾದರೂ ರಕ್ತ ಕಟ್ಟಿರಬೇಕು. ಎಲ್ಲೂ ಇಲ್ಲ. ನಾಲಿಗೆಯ ಬುಡದ ಪುಟ್ಟ ಮೂಳೆಯೂ ನೆಟ್ಟಗಿತ್ತು. ಗೆರೆ ಸತ್ತ ಮೇಲೆ ಬಿದ್ದದ್ದು. ಹಾಗಾದರೆ ಸತ್ತದ್ದು ಹೇಗೆ? ಉಸಿರಿನ ಕೊಳವೆ ಸೀಳಿದೆ. ಬಾಗಿಲಲ್ಲೇ ಕೂತಿತ್ತು, ಹೆಬ್ಬೆಟ್ಟು ಗಾತ್ರದ, ಬಾಡೂಟದ ಮಾಂಸದ ತುಂಡು. ಅಜ್ಜನಿಗೆ ಹಲ್ಲಿರಲಿಲ್ಲ, ಆಸೆ ಮಾತ್ರ ಇತ್ತು.

ಹೊರಗೆ ಬಂದು, ಕೊಲೆಯಲ್ಲ, ಬಾಡು ಗಂಟಲಲ್ಲಿ ಸಿಕ್ಕಿ ಸತ್ತದ್ದು ಎಂದು ಹೇಳಿದೆ. ಮಹಿಳಾ ಪೇದೆ ಎದ್ದು ಟೀ ಕುಡಿಯಲು ಹೋದಳು. ಸೊಸೆ ಕಂಬಕ್ಕೆ ಒರಗಿ ಜೋರಾಗಿ ಅತ್ತಳು. ವರದಿ ಪೊಲೀಸರಿಗೆ ಹೋಯಿತು. ಸಾವಿನ ಕಾರಣ ಬರೆದ ಸರ್ಟಿಫಿಕೇಟನ್ನು ಅಲ್ಲೇ ಕಾಯುತ್ತಿದ್ದ ಅಜ್ಜನ ತಂಗಿಯ ಕೈಗೆ ಕೊಟ್ಟೆ. ಓದಲು ಬಾರದ ಆಕೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸೊಸೆಯತ್ತ ಒಮ್ಮೆ ಕಣ್ಣು ಹಾಯಿಸಿದಳು.

"ಕೊಲೆ ಅಲ್ಲ ಅಂತೀಯ, ಆಗ್ಲಿ ಕಣವ್ವ. ಬಾಡ ನೆಟ್ಟಗೆ ಬೇಯ್ಸಿಲ್ಲ ಅಂತಾನೂ ಇದ್ರಲ್ಲಿ ಬರ್ದಿದ್ದೀಯಾ?"