ಅಪ್ಪನ ಮುಂದೆ ಕೂಸನ್ನು ಎತ್ತಬಾರದು

ಕುಕನೂರಿನ ಸುತ್ತಲಿನ ನಮ್ಮಂಥ ಒಕ್ಕಲು ಮನೆಗಳಲ್ಲಿ ಮಗನಿಗೆ ಮೀಸೆ ಮೂಡಿತೆಂದರೆ ಅಪ್ಪ ಅವನನ್ನು ಮುಟ್ಟುವುದನ್ನು ಬಿಡುತ್ತಾನೆ. ಯಾರೂ ಕೂತು ಮಾಡಿದ ಕಾನೂನಲ್ಲ, ನಡೆದುಕೊಂಡು ಬಂದದ್ದು. ಅದಕ್ಕೂ ಮೊದಲು ನನ್ನಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಯಲಬುರ್ಗಾ ಸಂತೆಗೆ ಒಯ್ಯುತ್ತಿದ್ದ. ಅವನ ರುಮಾಲನ್ನು ಎರಡೂ ಕೈಯಲ್ಲಿ ಹಿಡಿದು ನಾನು ಬೀಗುತ್ತಿದ್ದೆ. ಆಮೇಲೆ ಒಂದು ಬೇಸಿಗೆಯಲ್ಲಿ ನನ್ನ ದನಿ ಒಡೆಯಿತು, ತುಟಿಯ ಮೇಲೆ ಕಪ್ಪು ಕಂಡಿತು. ಅಪ್ಪ ಹೆಗಲೂ ಕೊಡಲಿಲ್ಲ, ಹೊಡೆಯುವುದನ್ನೂ ಬಿಟ್ಟ. ಸುಳ್ಳು ಯಾಕೆ ಹೇಳಲಿ, ಆ ಹೊಡೆತಕ್ಕೂ ನಾನು ಹಂಬಲಿಸಿದ್ದೇನೆ. ಬೇಕಂತಲೇ ಎತ್ತು ಬಿಚ್ಚಿ ಸಜ್ಜೆ ಹೊಲ ಮೇಯಿಸಿದೆ. ಅಪ್ಪ ನನ್ನ ಕಡೆ ನೋಡದೆ ಒಳಗೆ ಹೋಗಿ ಅವ್ವನಿಗೆ, "ನಿನ್ನ ಮಗಗ ಹೇಳು, ಎತ್ತು ಕಟ್ಟಿ ಹಾಕು ಅಂತ" ಎಂದ. ಅಂದಿನಿಂದ ನಾನು ಬರೀ ಅವ್ವನ ಮಗನಾದೆ.

ಮದುವೆಯಾಗಿ ಗಂಡು ಕೂಸು ಹುಟ್ಟಿದಾಗ ಇನ್ನೊಂದು ಕಟ್ಟಳೆ ತಲೆಯ ಮೇಲೆ ಕೂತಿತು. ಹಿರಿಯರ ಎದುರಿಗೆ ಗಂಡಸಾದವನು ತನ್ನ ಕೂಸನ್ನು ತಾನು ಎತ್ತಬಾರದು. ಎತ್ತಿದರೆ ನಾಚಿಕೆಗೇಡಿ. ನಮ್ಮಪ್ಪನೋ, ಹೊಲದಿಂದ ಬಂದರೆ ಪಡಸಾಲೆಯ ಹಗ್ಗದ ಹೊರಸು ಬಿಟ್ಟು ಏಳುವವನಲ್ಲ. ಕೂಸು ಅಂಬೆಗಾಲಿಟ್ಟು ಬಂದು, ನನ್ನ ಲುಂಗಿ ಜಗ್ಗಿ, ಎರಡೂ ಕೈ ಮೇಲೆತ್ತಿ ನಿಂತರೆ ನಾನು ಮಾಳಿಗೆಯ ಜಂತಿ ನೋಡುತ್ತಾ ನಿಲ್ಲುತ್ತಿದ್ದೆ. ಎಂಥಾ ಹಣೆಬರಹ! ಅಪ್ಪ ಎದ್ದು ಹೊರಟ ಸಪ್ಪಳವಾದರೆ ಅಡುಗೆಮನೆಯ ಬಾಗಿಲಿಗೆ ಹೋಗಿ ಹೆಂಡತಿಗೆ ಪಿಸುಗುಡುತ್ತಿದ್ದೆ.

"ಅಪ್ಪ ಹೊರಗ ಹೋಗ್ಯಾನೇನು?"

"ಹೋಗ್ಯಾರ, ಜಲ್ದಿ ಎತ್ಕೋರಿ" ಎಂದು ಅವಳು ನಗು ತಡೆದುಕೊಳ್ಳುತ್ತಿದ್ದಳು.

ಮಗನನ್ನು ಕದ್ದ ಮಾಲಿನ ಹಾಗೆ ಎದೆಗೆ ಒತ್ತಿಕೊಳ್ಳುತ್ತಿದ್ದೆ. ಅಂಗಳದಲ್ಲಿ ಅಪ್ಪನ ಚಪ್ಪಲಿ ಸಪ್ಪಳ ಕೇಳಿದೊಡನೆ ಇಳಿಸಿಬಿಡುತ್ತಿದ್ದೆ. ಕೂಸು ಹೋ ಎಂದು ಅಳುತ್ತಿತ್ತು. ಆಗ ಅಪ್ಪನೇ ಬಂದು ಅದನ್ನು ಎತ್ತಿಕೊಂಡು, "ಯಾರಲೇ ಅಳಸಿದವ್ರು ನಮ್ಮ ರಾಜಾನ?" ಎಂದು ರಮಿಸುತ್ತಿದ್ದ. ಮೊಮ್ಮಗನಿಗೆ ಸಿಗುವ ಆ ಕೈ ನನ್ನ ಪಾಲಿಗೆ ಯಾಕೆ ಬತ್ತಿಹೋಯಿತು ಎಂದು ಸಂಕಟವಾಗುತ್ತಿತ್ತು. ಹೆತ್ತ ಮಗನ ಮೇಲೆಯೇ ಹೊಟ್ಟೆಕಿಚ್ಚು! ಯಾರ ಮುಂದೆ ಹೇಳಿಕೊಳ್ಳುವುದು ಇದನ್ನು?

ಅವ್ವ ತೀರಿಕೊಂಡಳು. ಸೊಸೆಯ ಜೊತೆ ಮಾವ ನೇರವಾಗಿ ಮಾತಾಡುವಂತಿಲ್ಲ, ನನ್ನ ಜೊತೆ ರೂಢಿಯಿಲ್ಲ. ಹಾಗಾಗಿ ಅಪ್ಪನ ಮಾತೆಲ್ಲ ನನ್ನ ಮಗನ ಮೂಲಕ ಬರತೊಡಗಿತು. "ನಿಮ್ಮಪ್ಪಗ ಹೇಳು, ಕಡಲಿ ಬಿತ್ತಾಕ ಹದ ಐತಿ." ನಾನು ಅಲ್ಲೇ ಮಾರು ದೂರದಲ್ಲಿ ಕೂತಿರುತ್ತಿದ್ದೆ. ನಗುವವರು ನಗಲಿ, ನಮಗದು ನಗೆಯಾಗಿರಲಿಲ್ಲ. ಆಮೇಲೆ ಆ ಹುಡುಗನಿಗೂ ಮೀಸೆ ಬಂತು. ಅವನ ಹೆಗಲ ಮೇಲೆ ಇಡಬೇಕಾದ ನನ್ನ ಕೈ ತಾನಾಗಿಯೇ ಹಿಂದಕ್ಕೆ ಸರಿಯಿತು. ಅಪ್ಪನ ಮೇಲೆ ಅಷ್ಟೆಲ್ಲ ಸಿಟ್ಟು ಹೊತ್ತವನು ನಾನು, ನನ್ನ ಕೈಯೂ ಅವನದೇ ಆಗಿತ್ತು.

ಈ ಚಳಿಗಾಲದಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದ. ಸೊಂಟದ ಮೂಳೆ ಮುರಿದಿತ್ತು. ಕೊಪ್ಪಳದ ಡಾಕ್ಟರು, ಈ ವಯಸ್ಸಿಗೆ ಆಪರೇಷನ್ ಬೇಡ ಎಂದರು. "ಮುಂಜಾನೆ, ಸಂಜಿಗೆ ಎತ್ತಿ ಕುರ್ಚಿಗೆ ಕುಂದರಸ್ರಿ. ಮಲಗೇ ಇದ್ರ ಬೆನ್ನಿಗೆ ಹುಣ್ಣಾಗತೈತಿ. ಮೂಳಿಗಿಂತ ಆ ಹುಣ್ಣು ಕೆಟ್ಟದ್ದು ನೋಡ್ರಿ" ಎಂದು ಹೇಳಿ ಕಳಿಸಿದರು. ಅಪ್ಪನನ್ನು ನಮ್ಮ ಹೊಲದ ಆಳು ಎತ್ತುತ್ತಿದ್ದ. ಅವನಿಗೆ ಅಪ್ಪ ಮೈ ಕೊಡುತ್ತಿದ್ದ. ಭತ್ತದ ಸುಗ್ಗಿ ಬಂದದ್ದೇ ಆಳು ಚೀಲ ಹೊರಲು ಗಂಗಾವತಿಗೆ ಹೊರಟುಹೋದ. ಮಗ ಮದುವೆಯಾಗಿ ಬೇರೆ ಊರಲ್ಲಿ ನೆಲೆಸಿದ್ದ, ಮನೆಯಲ್ಲಿ ಉಳಿದ ಗಂಡಸು ನಾನೊಬ್ಬನೇ.

"ಯಪ್ಪಾ, ಏಳು. ನಾ ಎತ್ತತೀನಿ" ಎಂದೆ. ಎಷ್ಟೋ ವರ್ಷಗಳ ಮೇಲೆ ನೇರವಾಗಿ ಆಡಿದ ಮಾತು.

"ಬ್ಯಾಡ. ಅವ ಬರ್ಲಿ."

"ಅವ ಸುಗ್ಗಿ ಮುಗಿಸಿ ಬರತಾನ. ಅಲ್ಲೀ ಮಟ ಮಲಗಿ ಕೊಳೀತಿಯೇನು?"

"ಕೊಳೀತೀನಿ" ಎಂದು ಗೋಡೆಯ ಕಡೆ ಮುಖ ತಿರುಗಿಸಿದ.

ಮೈಯೆಲ್ಲ ಉರಿಯಿತು. ಹಟಕ್ಕೂ ಒಂದು ಮಿತಿ ಬೇಡವೇ? ಬೆನ್ನು ಕೆಂಪಾಯಿತು, ಆಮೇಲೆ ಒಂದು ಕಡೆ ಚರ್ಮ ಸುಲಿಯಿತು. ಹೆಂಡತಿ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ನೀವಿಬ್ರೂ ಹಟಮಾರಿಗಳು. ನಡುವ ಆ ಬೆನ್ನು ಏನ್ ಪಾಪ ಮಾಡೇತ್ರಿ?" ಎಂದಳು. ನನಗೆ ಅನ್ನ ಇಳಿಯಲಿಲ್ಲ. ಅಪ್ಪ ಸಾಯುವುದಕ್ಕೆ ನಾನು ಅಷ್ಟು ಹೆದರಲಿಲ್ಲ, ವಯಸ್ಸಾಗಿತ್ತು. ನನ್ನ ಕೈಗೆ ಮೈ ಕೊಡಲೊಲ್ಲದೆ ಸಾಯುತ್ತಾನೆ, ಕೊನೆಗೆ ಹೆಣವನ್ನಷ್ಟೇ ನಾನು ಎತ್ತಬೇಕಾಗುತ್ತದೆ ಎಂಬ ಭಯ ನನ್ನನ್ನು ತಿನ್ನುತ್ತಿತ್ತು.

ಸುದ್ದಿ ಕೇಳಿ ಮಗ ಬಂದ. ಕುಷ್ಟಗಿಯಲ್ಲಿ ಅವನದೊಂದು ಬೈಕ್ ಗ್ಯಾರೇಜಿದೆ. ಹೆಗಲಿಗೆ ತನ್ನ ಹೆಣ್ಣು ಕೂಸನ್ನು ಒರಗಿಸಿಕೊಂಡು ಪಡಸಾಲೆಗೆ ನುಗ್ಗಿದವನೇ, ಅಜ್ಜನ ಎದುರಿಗೇ ಅದರ ಕೆನ್ನೆಗೆ ಮುತ್ತು ಕೊಟ್ಟ. ನನ್ನ ಬಾಯಿ ಸುಮ್ಮನಿರಲಿಲ್ಲ.

"ಹಿರಿಯರು ಮಲಗ್ಯಾರ. ಖಬರ ಐತೇನು ನಿನಗ?"

"ನನ್ನ ಮಗಳನ್ನ ನಾ ಎತ್ಕೊಂಡ್ರ ಯಾರ ಗಂಟು ಹೋಗತೈತಿ ಯಪ್ಪಾ?" ಎಂದು ನಕ್ಕ. ಆಮೇಲೆ ಹೊರಸಿನ ಕಡೆ ಬಗ್ಗಿ, "ಮುತ್ಯಾ, ನಾ ಎತ್ತಿ ಕುಂದರಸ್ಲೇನು?" ಎಂದು ಕೇಳಿದ.

ಅಪ್ಪ ಬಹಳ ಹೊತ್ತು ಕೂಸನ್ನೇ ನೋಡಿದ. ಅದು ತನ್ನಪ್ಪನ ಕಿವಿ ಜಗ್ಗುತ್ತಿತ್ತು. "ಬ್ಯಾಡ. ನೀ ಕೂಸಿನ್ನ ಹಿಡ್ಕೋ" ಎಂದ. ಮಗ ನನ್ನ ಮುಖ ನೋಡಿ, ಕೂಸಿಗೆ ಆಕಳು ತೋರಿಸುತ್ತೇನೆಂದು ಹಿತ್ತಲಿಗೆ ಹೋದ. ನಾನು ಹೊರಸಿನ ಪಕ್ಕದಲ್ಲೇ ಕೂತೆ. ಬೆನ್ನ ಹುಣ್ಣಿನ ವಾಸನೆ ಬರುತ್ತಿತ್ತು.

"ನಿನ್ನ ಮಗ ಹೊರಗ ಹೋಗ್ಯಾನೇನು?" ಅಪ್ಪ ಸಣ್ಣ ದನಿಯಲ್ಲಿ ಕೇಳಿದ.

"ಹೋಗ್ಯಾನ" ಎಂದೆ.

ಅಪ್ಪ ಎರಡೂ ಕೈ ಮೇಲೆತ್ತಿದ. ಒಂದು ಕೈ ಬೆನ್ನಿಗೆ, ಒಂದು ಮೊಣಕಾಲ ಕೆಳಗೆ ಕೊಟ್ಟು ಎತ್ತಿದೆ. ಅಯ್ಯೋ, ಎಷ್ಟು ಹಗುರ! ನಾನು ಜೀವಮಾನವಿಡೀ ಅಂಜಿದ್ದು ಈ ಮೈಗೇನು? ಅವನ ಗಡ್ಡ ನನ್ನ ಕುತ್ತಿಗೆಗೆ ಚುಚ್ಚಿತು. ಕುರ್ಚಿ ಪಕ್ಕದಲ್ಲೇ ಇತ್ತು, ನಾನು ಕೂರಿಸಲಿಲ್ಲ. ಬಿಕ್ಕಿ ಬಿಕ್ಕಿ ಅಳು ಬಂತು.

ಅಷ್ಟರಲ್ಲಿ ಹಿತ್ತಲಿಂದ ಮಗನ ಚಪ್ಪಲಿ ಸಪ್ಪಳ ಕೇಳಿತು. ಅಪ್ಪನ ಮೈ ಸೆಟೆಯಿತು.

"ನಿನ್ನ ಮಗ ಬಂದ. ಇಳಸು, ಇಳಸಲೇ!"

ಮಗ ಕೂಸಿನೊಂದಿಗೆ ಬಾಗಿಲಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದ. ನಾನು ಇಳಿಸಲಿಲ್ಲ. ಅಪ್ಪ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನಡುಗುತ್ತಿದ್ದ, ಸಿಟ್ಟಿಗೋ ನಾಚಿಕೆಗೋ ನನಗೆ ಈಗಲೂ ಗೊತ್ತಿಲ್ಲ. ಇಳಸು, ಇಳಸು ಎಂದು ಬಾಯಿ ಅನ್ನುತ್ತಲೇ ಇತ್ತು. ಅವನ ಕೈ ಮಾತ್ರ ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿತ್ತು, ಬಿಡಲಿಲ್ಲ.