ಹಳೆಯ ಪತ್ರಿಕೆಗಳೂ ನನ್ನ ಮೂಗೂ

ಹಳೆಯ ಪತ್ರಿಕೆಗೆ ಒಂದು ವಾಸನೆ ಇರುತ್ತದೆ. ಜಾಸ್ತಿ ಹೊತ್ತು ಮೂಸಿದರೆ ಸೀನು ಗ್ಯಾರಂಟಿ. ತೊಂಬತ್ತರ ದಶಕದಲ್ಲಿ ನಾನು ಅಂಥವುಗಳ ಹಿಂದೆ ಬಿದ್ದಿದ್ದೆ. ಅದೂ ಎಂಥವು? ಪರದೇಶದ ಒಂದು ಹಳೆಯ ಕ್ರೈಸ್ತ ಚಳವಳಿಯವು. ಆ ಜನ ಯಾರದೋ ಮನೆಯಲ್ಲಿ ಸೇರಿ, ತಂತಮ್ಮ ತಪ್ಪನ್ನು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದರಂತೆ. ನಮ್ಮ ಕೋಟೆ ಬೀದಿಯಲ್ಲೂ ಕಾಫಿ ಜೊತೆ ತಪ್ಪುಗಳ ಮಾತು ನಡೆಯುತ್ತದೆ. ಆದರೆ ಪಕ್ಕದ ಮನೆಯವರ ತಪ್ಪುಗಳು. ಕುಡಿತ ಬಿಟ್ಟವರು ವಾರವಾರ ಕೂತು ಮಾತಾಡುವ ಪದ್ಧತಿ ಹುಟ್ಟಿದ್ದು ಆ ಚಳವಳಿಯವರಿಂದಲೇ.

ಯಾವುದೋ ಪಾದ್ರಿಗಳ ಮನೆ ಖಾಲಿಯಾದಾಗ ಆ ಪತ್ರಿಕೆಗಳ ಕಟ್ಟುಗಳು ರದ್ದಿ ಅಂಗಡಿಗೆ ಬಂದಿದ್ದವು. ಅಂಗಡಿಯ ಸಾಬರು ಕೇಳಿದರು, "ಹಣೇಲಿ ವಿಭೂತಿ, ಕೈಲಿ ಚರ್ಚ್ ಪುಸ್ತಕ. ಮನೇಲಿ ಏನೂ ಅನ್ನಲ್ವೇನಕ್ಕ?"

"ಅಂತಾರೆ. ನೀವು ಕಟ್ಟಿಕೊಡಿ."

ನನ್ನ ತಮ್ಮ ಪ್ರಸನ್ನ ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸದಲ್ಲಿದ್ದ. ಅವನ ಕುಡಿತ ತಾಳಲಾರದೆ ಹೆಂಡತಿ ಮಂಜುಳ ಮಗಳನ್ನು ಕರೆದುಕೊಂಡು ಆಯನೂರಿನ ತವರಿಗೆ ಹೋಗಿದ್ದಳು. ಆಮೇಲೆ ಇವನು ಕುಡಿಯುವುದನ್ನು ಬಿಟ್ಟ. ಭಾನುವಾರ ಭದ್ರಾವತಿಯಲ್ಲಿ ಕುಡಿತ ಬಿಟ್ಟವರ ಅಂಥದೇ ಒಂದು ಮೀಟಿಂಗು ಮುಗಿಸಿ, ಬಸ್ಸು ಹತ್ತಿ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಅವನು ಊಟಕ್ಕೆ ಕೂತ ಮೇಲೆ ಮಂಜುಳಳ ಫೋನು: "ಅಕ್ಕ, ಹೇಗಿದಾರೆ? ನಿಮ್ಮ ಮಾತು ನಂಬ್ಕೊಂಡೇ ದೀಪಾವಳಿಗೆ ವಾಪಸ್ ಬರೋದು."

ನನ್ನ ಮಾತೆಂದರೆ ನನ್ನ ಮೂಗು. ಬಾಯಿಬಿಟ್ಟು ಕೇಳಲು ಹೆದರಿಕೆ. ಕೇಳಿದ ಸಿಟ್ಟಿಗೇ ಕುಡಿದುಬಿಟ್ಟರೆ? ಅದಕ್ಕೇ ಪತ್ರಿಕೆ ಹಿಡಿದು, "ಈ ಸಾಲು ಓದೋ, ಅಕ್ಷರ ಸಣ್ಣದು" ಎನ್ನುತ್ತಿದ್ದೆ. ಅವನು ಬಗ್ಗುತ್ತಿದ್ದ, ನಾನು ಉಸಿರೆಳೆಯುತ್ತಿದ್ದೆ. ಪಾಪ, ಪರದೇಶದ ಭಕ್ತರು ಬರೆದದ್ದು ಈ ಕೆಲಸಕ್ಕಲ್ಲ.

ದೀಪಾವಳಿಯ ಹಿಂದಿನ ಭಾನುವಾರವೇ ನನಗೆ ಶೀತ ಹಿಡಿಯಬೇಕೆ? ನೀಲಗಿರಿ ಎಣ್ಣೆಯೂ ಗೊತ್ತಾಗದಷ್ಟು ಮೂಗು ಕಟ್ಟಿತ್ತು. ಬರುವ ಹೊತ್ತಿಗೆ ಅವನು ಬರಲಿಲ್ಲ. ದಾರಿಯಲ್ಲಿ ಮಲವಗೊಪ್ಪದ ಹತ್ತಿರ ಬಸ್ಸು ಕೆಟ್ಟಿರಬಹುದು ಎಂದುಕೊಂಡೆ. ಬೇರೆಯದನ್ನೂ ಅಂದುಕೊಂಡೆ. ತಡವಾಗಿ ಬಂದವನ ಮುಂದೆ ಪತ್ರಿಕೆ ಹಿಡಿದೆ, ಬಗ್ಗಿದ, ಉಸಿರೆಳೆದೆ. ಏನೂ ಇಲ್ಲ. ಮತ್ತೊಂದು ಸಾಲು ಓದಿಸಿದೆ.

"ಅಕ್ಕ, ಮೂಗು ಕಟ್ಟಿದೆಯಲ್ಲೇ ಮಾರಾಯ್ತಿ, ಎಷ್ಟಂತ ಓದಿಸ್ತೀಯಾ? ಬಾಯಲ್ಲೇ ಕೇಳು."

ಅಂದರೆ ಇಷ್ಟು ದಿನ ಗೊತ್ತಿದ್ದೇ ಬಗ್ಗುತ್ತಿದ್ದ.

"ಕುಡ್ದಿದೀಯೇನೋ?"

"ಇಲ್ಲ. ಆದ್ರೆ ಬಸ್‌ಸ್ಟ್ಯಾಂಡ್ ಎದುರು ಬ್ರಾಂದಿ ಅಂಗಡಿ ಮುಂದೆ ತುಂಬ ಹೊತ್ತು ನಿಂತಿದ್ದೆ. ಆಮೇಲೆ ಬಂದೆ."

ಶೀತವಿಲ್ಲದಿದ್ದರೂ ಇದು ನನ್ನ ಮೂಗಿಗೆ ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. "ಅಕ್ಕ, ಹೇಗಿದಾರೆ?"

"ಅವನನ್ನೇ ಕೇಳಮ್ಮ," ಎಂದು ರಿಸೀವರು ಅವನ ಕೈಗೆ ಕೊಟ್ಟೆ. ಅಂಗಡಿ ಮುಂದೆ ನಿಂತದ್ದರಿಂದಲೇ ಅವನು ಶುರುಮಾಡಿದ. ನಾನು ಅನ್ನ ತರುವ ನೆಪದಲ್ಲಿ ಒಳಗೆ ಹೋದೆ.

ಹಬ್ಬಕ್ಕೆ ಮಂಜುಳ ಬಂದಳು. ಪತ್ರಿಕೆ ಕೊಳ್ಳುವುದನ್ನು ನಾನು ಬಿಟ್ಟಿಲ್ಲ, ಅವನಿಂದ ಓದಿಸುವುದನ್ನೂ. ಈಗ ಅಕ್ಷರ ನಿಜವಾಗಿಯೂ ಕಾಣುವುದಿಲ್ಲ. ಅವನು ಮೇಜಿನ ಆಚೆಯಿಂದಲೇ ಓದುತ್ತಾನೆ.