ಬೆಚ್ಚಗಿದ್ದ ಕೌದಿ

ದೆವ್ವ, ಗಾಳಿ, ಮೈಮೇಲೆ ಬರೋದು ಇವನ್ನೆಲ್ಲ ನಾನು ನಂಬಿದವಳಲ್ಲ. ಮೊದಲೇ ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು, ಬೆಳೆದದ್ದು, ಸೋದರಮಾವನ ಮಗನನ್ನೇ ಕಟ್ಟಿಕೊಂಡು ಉಳಿದದ್ದು ಎಲ್ಲ ಪುಟ್ಟೇನಹಳ್ಳಿಯಲ್ಲೇ. ಕೆರೆ ಏರಿಯ ಹುಣಸೇಮರದಲ್ಲಿ ದೆವ್ವ ಇದೆ ಅಂತ ನಮ್ಮಜ್ಜಿ ಹೆದರಿಸುತ್ತಿದ್ದಳು. ಆಮೇಲೆ ಆ ಮರ ಕಡಿದು ಅಲ್ಲೊಂದು ಅಪಾರ್ಟ್‌ಮೆಂಟ್ ಎಬ್ಬಿಸಿದರು. "ದೆವ್ವ ಎಲ್ಲಿಗೆ ಹೋಯ್ತಜ್ಜಿ, ಮೇಂಟೆನೆನ್ಸ್ ಕಟ್ಟೋಕಾಗ್ದೆ ಮನೆ ಖಾಲಿ ಮಾಡ್ತಾ?" ಅಂತ ಕೇಳಿ ಬೈಸಿಕೊಂಡವಳು ನಾನು. ಈಗ ಯಾರಾದರೂ ಅಂಥ ಮಾತು ತೆಗೆದರೆ ಬಾಯಿ ಮುಚ್ಚಿಕೊಂಡು ಕೇಳುತ್ತೇನೆ.

ನಮ್ಮ ಮನೆ ಹಿಂದೆ, ಮುಂಚೆ ದನ ಕಟ್ಟುತ್ತಿದ್ದ ಜಾಗದಲ್ಲಿ, ಒಂದು ಶೀಟಿನ ಗೋಡೌನ್ ಇದೆ. ಅದನ್ನು ಒಂದು ಸೇವಾಸಂಸ್ಥೆಗೆ ಕೊಟ್ಟಿದ್ದೇವೆ. ಎಲ್ಲಾದರೂ ಭೂಕಂಪವಾದರೆ, ಪ್ರವಾಹ ಬಂದರೆ, ಯುದ್ಧಕ್ಕೆ ಹೆದರಿ ಜನ ಊರು ಬಿಟ್ಟು ಡೇರೆಗಳಲ್ಲಿ ಕೂತರೆ ಅಲ್ಲಿಗೆಲ್ಲ ಇವರು ಸಾಮಾನು ಕಳಿಸುತ್ತಾರೆ. ಆಫ್ರಿಕಾದ ಹಳ್ಳಿಗಳಲ್ಲಿ ಬೋರ್‌ವೆಲ್ ಹಾಕಿಸುತ್ತಾರೆ, ನೇಪಾಳದಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುತ್ತಾರೆ. ನಮ್ಮ ಗೋಡೌನಿನಲ್ಲಿ ನಡೆಯುವುದು ಕೌದಿ ಕೆಲಸ. ಜಯನಗರ, ಜೆ.ಪಿ. ನಗರದ ಮನೆಗಳಿಂದ ಹಳೇ ಸೀರೆ ಬರುತ್ತವೆ. ಬಿಟಿಎಂ, ತಿಲಕ್ ನಗರದಲ್ಲಿ ಬಾಡಿಗೆಗಿರುವ ಉತ್ತರ ಕರ್ನಾಟಕದ ಹೆಂಗಸರು ರಜದ ದಿನ ಬಂದು ಅವನ್ನು ಪದರ ಪದರ ಜೋಡಿಸಿ ಹೊಲಿಯುತ್ತಾರೆ. ಇದರ ಉಸ್ತುವಾರಿಗೆ ಶಾಲಿನಿ ಅನ್ನುವ ಹುಡುಗಿ ಇದ್ದಾಳೆ. ನಾನು ಕಾಫಿ ಕೊಡುವ ನೆಪದಲ್ಲಿ ಹೋಗಿ ಹರಟೆಗೆ ಕೂರುತ್ತಿದ್ದೆ, ಕೂತು ಕೂತು ಸೂಜಿ ಹಿಡಿಯುವುದನ್ನೂ ಕಲಿತೆ.

ಆ ಹೆಂಗಸರಲ್ಲಿ ಒಂದು ಪದ್ಧತಿ. ಕೌದಿಯ ಕೊನೇ ಮೂಲೆ ಮುಚ್ಚುವ ಮುಂಚೆ ಒಳಗೆ ನಾಲ್ಕು ಜೋಳದ ಕಾಳೋ, ರೊಟ್ಟಿ ಚೂರೋ ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿಸೋದು ಅನ್ನುತ್ತಾರೆ ಅದಕ್ಕೆ. ಹೊರದೇಶಕ್ಕೆ ಹೋಗುವ ಬಟ್ಟೆಯಲ್ಲಿ ಕಾಳುಕಡಿ ಇರಬಾರದು, ಬಂದರಿನಲ್ಲೇ ತಡೆಯುತ್ತಾರೆ ಅಂತ ಶಾಲಿನಿ ಬಡಕೊಂಡಳು. ಎಲ್ಲರೂ ಹೂಂ ಅಂದರು. ಅವಳು ಆ ಕಡೆ ಹೋದದ್ದೇ ತಡ, ಸೆರಗಿನ ಗಂಟು ಬಿಚ್ಚಿ ಕಾಳು ತುಂಬಿದರು. "ಉಪಾಸ ಇದ್ದೋರ ಕಡೆ ಹೋಗೂ ಕೌದಿರೀ ಅಕ್ಕಾರ, ಅದೂ ಹಸ್ಕೊಂಡು ಹೋದ್ರ ಹೆಂಗ?" ಅಂತ ಗಂಗವ್ವ ನನ್ನನ್ನೇ ಕೇಳಿದಳು.

ಈ ಗಂಗವ್ವ ಬಾಗಲಕೋಟೆ ಕಡೆಯವಳು. ಬಿಟಿಎಂನ ಒಂದು ಆಫೀಸಿನಲ್ಲಿ ಹೌಸ್‌ಕೀಪಿಂಗ್ ಕೆಲಸ. ಅವಳಿಗಿದ್ದದ್ದು ಒಬ್ಬಳೇ ಮಗಳು, ರೇಣುಕಾ, ಮೂರನೇ ಕ್ಲಾಸು. ಅಮ್ಮನ ಜೊತೆ ಬಂದು ಸೀರೆ ರಾಶಿಯ ಮೇಲೆ ಉರುಳಾಡಿ, ನನ್ನ ಕೈಲಿ ಬೈಸಿಕೊಂಡು, ಕಿಸಕ್ಕನೆ ನಕ್ಕು ಮತ್ತೆ ಉರುಳಾಡುತ್ತಿತ್ತು ಆ ಮಗು. ಒಂದು ಮಳೆಗಾಲದಲ್ಲಿ ಅದಕ್ಕೆ ಹೊಟ್ಟೆನೋವು ಬಂತು. ಆಪರೇಷನ್ ಆಗಬೇಕು, ಅಲ್ಲೀ ತನಕ ಬಾಯಿಗೆ ಏನೂ ಕೊಡಬೇಡಿ ಅಂದರಂತೆ ಆಸ್ಪತ್ರೆಯವರು. "ಯವ್ವಾ, ಒಂದ್ ಚೂರು ರೊಟ್ಟಿ ಕೊಡ" ಅಂತ ಅದು ಕೇಳುತ್ತಲೇ ಇತ್ತಂತೆ. "ನಾಳಿಗೆ ಕೊಡ್ತೀನಿ ನನ್ ಬಂಗಾರ" ಅಂದಿದ್ದಳಂತೆ ಇವಳು. ಮಗು ಬದುಕಿ ಹೊರಗೆ ಬರಲಿಲ್ಲ. ಒಳಗೆಲ್ಲ ಕೀವು ಹರಡಿಹೋಗಿತ್ತು, ಯಾರ ತಪ್ಪೂ ಅಲ್ಲ ಅಂದರು. ಯಾರ ತಪ್ಪೂ ಅಲ್ಲ ಅಂದುಬಿಟ್ಟರೆ ಹೆತ್ತವಳ ಒಡಲ ಉರಿ ಆರುತ್ತದೆಯೇ? ನನ್ನ ಕೈಲೇ ತಡೆಯಲು ಆಗಲಿಲ್ಲ, ಬೈದದ್ದೆಲ್ಲ ನೆನೆದು ನೆನೆದು ಅತ್ತೆ.

ಕಾರ್ಯವೆಲ್ಲ ಮುಗಿದ ಮೇಲೆ ಗಂಗವ್ವ ಮಗಳ ಫ್ರಾಕು, ಲಂಗ, ಸ್ಕೂಲ್ ಯೂನಿಫಾರ್ಮು ಎಲ್ಲ ಗಂಟು ಕಟ್ಟಿಕೊಂಡು ನಮ್ಮ ಗೋಡೌನಿಗೇ ಬಂದಳು. ಮನೆಯಲ್ಲಿ ಕೂತು ಅವಕ್ಕೆ ಕತ್ತರಿ ಹಾಕಲು ಅವಳಿಂದ ಆಗಲಿಲ್ಲ. ಇಲ್ಲಿ ಎಲ್ಲರ ನಡುವೆ ಕೂತು, ತುಟಿ ಬಿಗಿಹಿಡಿದು, ಅವನ್ನು ಸೇರಿಸಿ ತಾನೇ ಇಟ್ಟುಕೊಳ್ಳಲು ಒಂದು ಕೌದಿ ಹೊಲಿದಳು. ಕೊನೇ ಮೂಲೆಗೆ ಮನೆಯಿಂದ ತಂದ ಒಣರೊಟ್ಟಿಯ ಚೂರು ಇಟ್ಟು, ಕೆಂಪು ದಾರದಿಂದ ಎರಡೆಳೆ ಹಾಕಿ ಮುಚ್ಚಿದಳು. ಆ ಮೂಲೆ ಹಿಡಿದುಕೊಂಡು ಕೂತವಳು ನಾನೇ.

ಆಮೇಲೆ ಆದದ್ದು ನೋಡಿ. ಹೊಲಿದು ಮುಗಿಸಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ರಾಶಿಗೆ ಸೇರಿಸುವುದು ಅವರ ಕೈಗೆ ಅಂಟಿಹೋದ ಅಭ್ಯಾಸ. ಗಂಗವ್ವನ ಮನಸ್ಸು ಎಲ್ಲಿತ್ತೋ, ಕೈ ಮಾತ್ರ ತನ್ನ ಕೆಲಸ ಮಾಡಿಬಿಟ್ಟಿತು. ಮಡಿಸಿತು, ರಾಶಿಯ ಮೇಲಿಟ್ಟಿತು. ಮಧ್ಯಾಹ್ನ ಲಾರಿ ಬಂತು, ರಾಶಿಯನ್ನು ಒತ್ತಿ ಬೇಲು ಕಟ್ಟಿದರು, ಹೊರಟಿತು. ಬಸ್ ಸ್ಟಾಪಿನ ತನಕ ಹೋದವಳು ಓಡಿ ವಾಪಸ್ ಬಂದಳು. ಶಾಲಿನಿ ಪಾಪ ಫೋನಿನ ಮೇಲೆ ಫೋನು ಮಾಡಿದಳು, ಲಾರಿಯವನು ಎತ್ತಲಿಲ್ಲ. ನಾಲ್ಕು ದಿನ ಕಳೆದು ಚೆನ್ನೈ ಬಂದರಿನಿಂದ ಉತ್ತರ ಬರುವಷ್ಟರಲ್ಲಿ ಕಂಟೇನರಿಗೆ ಸೀಲು ಬಿದ್ದು ಹಡಗು ಹೊರಟಾಗಿತ್ತು. "ನಾನಽ ಇಟ್ಟೆನ್ರೀ ಅಕ್ಕಾರ, ನನ್ ಕೈಯಾರ ನಾನಽ ಕಳಿಸಿದೆ" ಅಂತ ಗಂಗವ್ವ ತನ್ನ ಬಲಗೈಯನ್ನು ಕಂಬಕ್ಕೆ ಬಡಿದುಕೊಂಡಳು. ಹಿಡಿದುಕೊಳ್ಳುವಷ್ಟರಲ್ಲಿ ನನಗೂ ಶಾಲಿನಿಗೂ ಸಾಕುಸಾಕಾಯಿತು.

ಚಳಿಗಾಲದ ಹೊತ್ತಿಗೆ ಆ ಬೇಲುಗಳು ವಾಪಸ್ ಬಂದವು. ಮೂಲೆಗಳಲ್ಲಿ ಜೋಳ ಸಿಕ್ಕಿತು ಅಂತ ಕೌದಿ ಕಳಿಸಿದ್ದ ದೇಶದವರು ತಮ್ಮ ಬಂದರಿನಿಂದ ಆಚೆಗೇ ಬಿಟ್ಟಿರಲಿಲ್ಲ. ಶಾಲಿನಿಗೆ ಮೇಲಿನವರಿಂದ ಮಂಗಳಾರತಿ ಆಯಿತು. ಗಂಗವ್ವ ಮಾತ್ರ ದೇವರು ಕಣ್ಣು ಬಿಟ್ಟ ಅಂದಳು. ಬೆಳಗ್ಗೆ ನಾವು ಮೂವರೇ ಗೋಡೌನಿನಲ್ಲಿ ಬೇಲು ಬಿಚ್ಚಲು ಕೂತೆವು. ಶೀಟಿನ ಮೇಲೆ ಇನ್ನೂ ಬಿಸಿಲು ಬಿದ್ದಿರಲಿಲ್ಲ, ಬಾಯಿ ತೆರೆದರೆ ಹೊಗೆ ಬರುವಂಥ ಚಳಿ. ಕೌದಿಗಳೆಲ್ಲ ಮುಗ್ಗಲು ವಾಸನೆ ಹೊಡೆಯುತ್ತಿದ್ದವು, ಮುಟ್ಟಿದರೆ ಕೈ ಕೊರೆಯುತ್ತಿತ್ತು. ಒಂದೊಂದರ ಮೂಲೆಯನ್ನೂ ಕತ್ತರಿಸಿ ನೋಡಿದ್ದರು.

ಯೂನಿಫಾರ್ಮಿನ ನೀಲಿ ಬಟ್ಟೆ ಕಂಡಿತು. ಗಂಗವ್ವನಿಗೆ ಕೈ ಬರಲಿಲ್ಲ, ನಾನೇ ಎಳೆದು ತೊಡೆಯ ಮೇಲೆ ಬಿಡಿಸಿದೆ. ಅಂಚು ಎಲ್ಲದರ ಹಾಗೆ ತಣ್ಣಗಿತ್ತು. ನಡುವೆ ಕೈ ಹೋಯಿತು ನೋಡಿ, ಬೆಚ್ಚಗಿತ್ತು. ಮಕ್ಕಳನ್ನು ಸ್ಕೂಲಿಗೆ ಎಬ್ಬಿಸಿದ ಮೇಲೆ ಹಾಸಿಗೆ ಇರುತ್ತದಲ್ಲ, ಹಾಗೆ. ಇಡೀ ಕೌದಿಯಲ್ಲ, ಒಂದು ಮಗು ಮಗ್ಗುಲಾಗಿ ಮುದುಡಿ ಮಲಗಿದರೆ ಎಷ್ಟು ಜಾಗ ಹಿಡಿಯುತ್ತದೋ ಅಷ್ಟೇ. ಶಾಲಿನಿಯ ಕೈ ಹಿಡಿದು ಅಲ್ಲಿ ಇಟ್ಟೆ. ಅವಳು ಕೈ ಕಿತ್ತುಕೊಂಡಳು, ಆಮೇಲೆ ತಾನೇ ಮತ್ತೆ ಇಟ್ಟು ನೋಡಿದಳು. ಸುಳ್ಳು ಹೇಳಿ ನನಗೆ ಆಗಬೇಕಾದ್ದು ಏನೂ ಇಲ್ಲ.

ಗಂಗವ್ವ ಮುಟ್ಟಿ ನೋಡಿದಳು. ಹೆದರಲಿಲ್ಲ. ಮೂಲೆ ಹುಡುಕಿದಳು. ಅದೊಂದನ್ನು ಯಾರೂ ಕತ್ತರಿಸಿರಲಿಲ್ಲ, ಅವಳ ಕೆಂಪು ದಾರ ಎರಡೆಳೆ ಹಾಗೇ ಇತ್ತು. ಹಲ್ಲಿನಿಂದ ಕಡಿದು ಬಿಚ್ಚಿದಳು. ಒಳಗೆ ರೊಟ್ಟಿ ಇರಲಿಲ್ಲ. ಚೂರಿಲ್ಲ, ಪುಡಿಯಿಲ್ಲ, ಹುಳ ಬಿದ್ದ ಗುರುತಿಲ್ಲ. ಇಲಿ ತಿಂದಿದ್ದರೆ ಬಟ್ಟೆ ಬಿಡುತ್ತಿತ್ತೇ?

"ಉಂಡಾಳ್ರೀ ಅಕ್ಕಾರ" ಅಂದಳು. ಅಷ್ಟು ಹೇಳಿ ಆ ಬೆಚ್ಚಗಿನ ಜಾಗದ ಮೇಲೆ ಕೆನ್ನೆ ಇಟ್ಟು ಮಲಗಿಬಿಟ್ಟಳು. ನಾನು ಬೆನ್ನು ಸವರುತ್ತಾ ಕೂತೆ. ಬಹಳ ಹೊತ್ತಾದ ಮೇಲೆ ಎದ್ದು, "ಆರಿ ಹೋತು" ಅಂದಳು. ಹೌದು, ಆರಿಹೋಗಿತ್ತು. ಅವಳು ಅತ್ತದ್ದು ಆವಾಗ. ಮಗಳು ಹೋದ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಕೌದಿಯನ್ನು ಮನೆಗೆ ತೆಗೆದುಕೊಂಡು ಹೋದಳು. ಶಾಲಿನಿ ನನ್ನನ್ನು ಪಕ್ಕಕ್ಕೆ ಕರೆದು, "ಆಂಟಿ, ಇದನ್ನ ಯಾರಿಗೂ ಹೇಳ್ಬೇಡಿ ಪ್ಲೀಸ್" ಅಂದಳು. ಅವಳು ಇಂಜಿನಿಯರಿಂಗ್ ಓದಿದವಳು. ಒದ್ದೆ ಬಟ್ಟೆ ಒತ್ತಿಟ್ಟರೆ ಒಳಗೆ ಕಾವು ಏಳುತ್ತೆ ಅಂತ ಏನೇನೋ ಹೇಳಿದಳು. ಹಾಗಾದರೆ ಮಿಕ್ಕವು ಯಾಕೆ ಐಸಿನ ಹಾಗಿದ್ದವು ಅಂದೆ. ಅವಳು ಕತ್ತರಿ ಎತ್ತಿಕೊಂಡು ಮಿಕ್ಕ ಬೇಲು ಬಿಚ್ಚಲು ಹೋದಳು.

ಯುಗಾದಿ ಕಳೆದ ಮೇಲೆ ಮತ್ತೊಂದು ಲೋಡು ಹೊರಡುವುದಿತ್ತು. ಅವತ್ತು ಗಂಗವ್ವ ಅದೇ ಕೌದಿಯನ್ನು ಒಗೆದು ಮಡಿಸಿ ತಂದು, ಈ ಸಲ ಕಣ್ಣಾರೆ ನೋಡಿಕೊಂಡೇ, ರಾಶಿಯ ಮೇಲಿಟ್ಟಳು. ನಾನು ಓಡಿಹೋಗಿ ಅದರ ಮೇಲೆ ಕೈ ಇಟ್ಟು ತಡೆದೆ.

"ಏನ್ ಗಂಗವ್ವ ಇದು, ತಲೆ ಕೆಟ್ಟಿದ್ಯಾ ನಿಂಗೆ?"

"ದಿನಾ ಮುಂಜಾನೆದ್ದು ಮುಟ್ಟಿ ನೋಡ್ತೀನ್ರೀ ಅಕ್ಕಾರ. ನನ್ ಹಂತ್ಯಾಕ, ಮನ್ಯಾಗ, ಇದು ತಣ್ಣಗಽ ಇರ್ತೈತಿ. ದಾರ್ಯಾಗಽ ಬೆಚ್ಚಗಿತ್ತು. ಹೋಗ್ಲಿ ಬಿಡ್ರೀ, ಅಲ್ಲಿ ಯಾವ್ದರ ಕೂಸಿನ ಬಾಜೂಕ ಮಕ್ಕೊಳ್ಲಿ."

ಮೂಲೆಯನ್ನು ಅವಳೇ ಮತ್ತೆ ಹೊಲಿದು ತಂದಿದ್ದಳು. ಒತ್ತಿ ನೋಡಿದೆ, ಒಳಗೆ ಏನೂ ಇರಲಿಲ್ಲ. ಹೊಟ್ಟೆ ತುಂಬಿಸಲಿಲ್ಲವಾ ಅಂದೆ. "ಉಂಡಾಳಲ್ರೀ" ಅಂದಳು.

ಆ ಬೇಲು ವಾಪಸ್ ಬಂದಿಲ್ಲ. ಬರಬಾರದು ಅಂತಲೇ ನನ್ನ ಆಸೆ. ಬೆಚ್ಚಗಿದ್ದದ್ದು ಯಾಕೆ, ರೊಟ್ಟಿ ಎಲ್ಲಿ ಹೋಯಿತು, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೂ ಗೇಟಿನ ಹತ್ತಿರ ಲಾರಿ ನಿಂತ ಸದ್ದಾದರೆ, ಮಾಡುತ್ತಿದ್ದ ಕೆಲಸ ಬಿಟ್ಟು, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ, ಮುಟ್ಟಿ ನೋಡಲು ಮೊದಲು ಓಡುವವಳು ನಾನೇ.